ಕೈಗಳ ಮೇಲೆ ಹಿಗ್ಗುತ್ತಿದ್ದ ಮಂಡಿಗೆ

ಬೆಳಗಾವಿ ಕಡೆಯ ಮದುವೆಗೆ ಈಗ ಹೋದರೆ ಊಟದ ಹಾಲಿನಲ್ಲಿ ಏನುಂಟು ಏನಿಲ್ಲ! ಪಾನಿಪುರಿಯವನೊಬ್ಬ, ದೋಸೆಯವನೊಬ್ಬ, ತಲೆಗೆ ಬಿಳಿ ಟೊಪ್ಪಿಗೆ ಇಟ್ಟುಕೊಂಡು ಪಾಸ್ತಾ ಕಲಕುವವನೊಬ್ಬ. ಸಿಹಿಗೆ ಜಿಲೇಬಿ, ರಬಡಿ, ನಾಲ್ಕು ಬಣ್ಣದ ಐಸ್‌ಕ್ರೀಮು. ಇಷ್ಟೆಲ್ಲದರ ನಡುವೆ ಮಂಡಿಗೆ ಎಲ್ಲಿ ಅಂತ ಹುಡುಕುವ ನನ್ನಂಥ ಹಳೆಯ ತಲೆಗಳಿಗೆ ಒಂದು ಉತ್ತರ ಸಿದ್ಧವಾಗಿರುತ್ತದೆ: "ರುಖವತದಾಗ ಇಟ್ಟೇವಲ್ರೀ, ನೋಡಿಲ್ಲೇನು?" ನೋಡಿದೆ. ಮಿರಿಮಿರಿ ಕಾಗದ ಸುತ್ತಿ, ಕೆಂಪು ರಿಬ್ಬನ್ ಕಟ್ಟಿ, ಬೀಗರಿಗೆ ಕೊಡಲೆಂದು ಸಾಲಾಗಿ ಇಟ್ಟ ಬೆಳ್ಳಿ ಸಾಮಾನುಗಳ ಪಕ್ಕದಲ್ಲಿ ಕೂಡಿಸಿದ್ದರು. ಬಂದವರು ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಅದನ್ನು ಮುರಿದು ಹಂಚಬೇಕು ಅಂತ ಯಾರಿಗೂ ಅನ್ನಿಸಿದಂತಿರಲಿಲ್ಲ.

ಮಂಡಿಗೆಯನ್ನು ಮುರಿಯದೆ ಇಡುವುದೆಂದರೆ ನನಗೆ ಇವತ್ತಿಗೂ ಒಂದು ಥರ ಅನ್ಯಾಯ. ಮುರಿಯುವಾಗಿನ ಆ ಸದ್ದಿಗಾಗಿಯೇ ಅಲ್ಲವೇ ನಾವು ಅಡುಗೆಮನೆಯ ಹೊಸ್ತಿಲ ಮೇಲೆ ಕಾದು ಕೂಡುತ್ತಿದ್ದದ್ದು! ದಕ್ಷಿಣದ ಗೆಳೆಯರಿಗೆ ಇದನ್ನು ವಿವರಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. "ಹೋಳಿಗೆಯೇನು?" ಅನ್ನುತ್ತಾರೆ. ಅಲ್ಲ ಮಾರಾಯರೇ. "ಹಾಗಾದರೆ ಚಿರೋಟಿ?" ಅದೂ ಅಲ್ಲ. ಹೋಳಿಗೆ ಮೆತ್ತಗೆ, ಚಿರೋಟಿಯನ್ನು ತುಪ್ಪದಲ್ಲಿ ಕರಿಯಬೇಕು. ಮಂಡಿಗೆಗೆ ಕರಿಯುವ ಮಾತಿಲ್ಲ, ಬೇಯುವುದೆಲ್ಲ ಬರೀ ಬಿಸಿಗೆ. ಹೊಟ್ಟೆಗೆ ಎಷ್ಟು ಹಗುರವೆಂದರೆ ತಿಂದವನಿಗೆ ತಿಂದದ್ದೇ ಗೊತ್ತಾಗುವುದಿಲ್ಲ. ಮಡಿಸುವ ಮುಂಚೆ ಬಾಳೆಲೆಯ ತುಂಬ ಹರಡುವಷ್ಟು ದೊಡ್ಡದು. ಒಳಗೆ ಪಿಠಿಸಕ್ಕರೆ, ಖವಾ, ಗಸಗಸೆ, ಯಾಲಕ್ಕಿ. ಅದನ್ನು ಬಟ್ಟಲಿಗೆ ಮುರಿದು ಹಾಕಿ, ಮೇಲೆ ಬಿಸಿ ಹಾಲು ಹೊಯ್ದು, ಒಂದು ಸೌಟು ತುಪ್ಪ ಬಿಟ್ಟು, ಪೂರ್ತಿ ನೆನೆಯುವುದಕ್ಕೆ ಮುಂಚೆ ಬಾಯಿಗೆ ಹಾಕಿಕೊಳ್ಳಬೇಕು. ಅರ್ಧ ಗರಿಗರಿ, ಅರ್ಧ ಮೆತ್ತಗೆ ಆಗುವ ಆ ಒಂದು ಗಳಿಗೆಯನ್ನು ಹಿಡಿಯುವುದರಲ್ಲಿ ನಮ್ಮ ಅಜ್ಜ ಪಾರಂಗತರು. ಆಗ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಮಂಡಿಗೆಗೊಂದು ದಿನ ಬೇರೆ ಗೊತ್ತಾಗುತ್ತಿತ್ತು. ಗಾಳಿ ಇರಬಾರದು, ಮಳೆಯಂತೂ ಬೇಡವೇ ಬೇಡ. ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಇದು ಎಂಥ ಕಷ್ಟದ ಲೆಕ್ಕ ಅನ್ನುವುದೂ ಗೊತ್ತು. ಓಣಿಯ ಹೆಂಗಸರಿಗೆಲ್ಲ ಹೇಳಿ ಕಳಿಸಬೇಕು. ಕರೆ ಹೋಗದಿದ್ದರೆ ಸಿಟ್ಟು ಬರುವ ಮನೆಗಳು ಕೆಲವಿದ್ದವು, ಕರೆದರೂ ಕೈಗುಣ ಸಾಲದೆಂದು ಬರೀ ಯಾಲಕ್ಕಿ ಬಿಡಿಸಲು ಕೂಡಿಸುವವರು ಕೆಲವರಿದ್ದರು. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಅದರ ಮೇಲೆ ದೊಡ್ಡ ಮಣ್ಣಿನ ಗಡಿಗೆಯನ್ನು ಬೋರಲು ಹಾಕುತ್ತಿದ್ದರು. ಬೇಯಿಸುವುದು ಗಡಿಗೆಯ ಒಳಗಲ್ಲ, ಅದರ ಬೆನ್ನ ಮೇಲೆ.

ಕಣಕದ್ದೇ ಒಂದು ಪುರಾಣ. ಚಿರೋಟಿ ರವೆ, ಸ್ವಲ್ಪ ಮೈದಾ, ಚಿಟಿಕೆ ಉಪ್ಪು. ನಾದಿ, ಎಣ್ಣೆ ಹಚ್ಚಿ, ಮತ್ತೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಬಿಡಬೇಕು. ಹಿಟ್ಟು ತನ್ನ ಸೊಕ್ಕು ಬಿಡುವ ತನಕ ಅದನ್ನು ಯಾರೂ ಮುಟ್ಟಬಾರದು. ಎಳೆದರೆ ಎಳೆದಷ್ಟು ಬರಬೇಕು, ಹರಿಯಬಾರದು. ಹೂರಣಕ್ಕೆ ಸಕ್ಕರೆಯನ್ನು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಒಂದೇ ಒಂದು ಹರಳು ಉಳಿದರೂ ಹಿಗ್ಗಿಸುವಾಗ ಅಲ್ಲೇ ತೂತು.

ಇಷ್ಟಾದ ಮೇಲೆ ನಮ್ಮ ಅತ್ಯಾ ಬಂದು ಕೂಡುತ್ತಿದ್ದಳು. ಅಪ್ಪನ ಸೋದರತ್ತೆ ಅವಳು. ಮನೆಗೆಲ್ಲ, ಓಣಿಗೆಲ್ಲ ಅತ್ಯಾ. ಹೂರಣ ತುಂಬಿದ ಉಂಡೆಯನ್ನು ಮೊದಲು ಮಣೆಯ ಮೇಲೆ ಲಟ್ಟಿಸಿ ಅವಳ ಕೈಗೆ ಕೊಡುತ್ತಿದ್ದರು. ಅದನ್ನು ಎರಡೂ ಮುಂಗೈಗಳ ಮೇಲೆ ಹಾಕಿಕೊಂಡು, ಒಂದು ಕೈಯಿಂದ ಇನ್ನೊಂದಕ್ಕೆ ಸಾಗಿಸುತ್ತ, ಸುತ್ತಿಸುತ್ತ, ಹಿಟ್ಟಿಗೆ ತನ್ನ ಭಾರದಿಂದಲೇ ಇಳಿಯಲು ಬಿಡುವಳು. ಅಂಗೈಯಗಲದ್ದು ಮೊಣಕೈ ದಾಟಿ, ತೋಳು ದಾಟಿ, ತೊಳೆತೊಳೆದು ಸವೆದ ಅಜ್ಜನ ಧೋತರದಷ್ಟು ತೆಳುವಾಗಿ, ಅದರಾಚೆ ಒಲೆಯ ಉರಿ ಕಾಣುತ್ತಿತ್ತು. ಬೆರಳಲ್ಲಿ ಉಂಗುರ ಇಟ್ಟುಕೊಂಡು ಬಂದ ಸೊಸೆಯಂದಿರಿಗೆ ಅವಳಿಂದ ಒಂದು ನೋಟ ಸಾಕಿತ್ತು. ನಾವು ಹುಡುಗರು ಓಡಿಬಂದರೆ ಮಾತ್ರ ಗದರುತ್ತಿದ್ದಳು: "ಏ, ದೂರ ಸರೀರಿ! ನಿಮ್ಮ ಗಾಳಿಗೇ ಹರೀತದ ಅದು."

ಆಮೇಲೆ ಎದ್ದು ಒಂದು ಹೆಜ್ಜೆ ಮುಂದಿಟ್ಟು, ಕಾದ ಗಡಿಗೆಯ ಮೇಲೆ ಅದನ್ನು ಹೊದಿಸಿಬಿಡುವಳು. ಅಲ್ಲಿಂದ ಮುಂದೆ ಎಲ್ಲ ಅವಸರ. ಒಳಗಿನ ಸಕ್ಕರೆ ಕರಗಬೇಕು, ಹೊರಗೆ ಕಂದು ಚುಕ್ಕೆ ಮೂಡಬೇಕು, ಕರಕಾಗಬಾರದು. ಬಿಸಿ ಇರುವಾಗಲೇ ತೆಗೆದು ಮಡಿಸಬೇಕು, ಯಾಕೆಂದರೆ ಒಂದು ಸಲ ತಣ್ಣಗಾಯಿತೋ, ಗರಿಯಾಗಿ ಬಿಡುತ್ತದೆ. ಆಮೇಲೆ ಮಡಿಸಲು ಹೋದರೆ ಚೂರು. ಆ ಚೂರುಗಳ ಮೇಲೆ ನಮ್ಮ ಹಕ್ಕು. ಮಡಿಸುವವರ ಕೈ ತಪ್ಪಲಿ ಅಂತ ಒಳಗೊಳಗೇ ದೇವರಿಗೆ ಹರಕೆ ಹೊರುವ ಮಕ್ಕಳು ನಾವು. ಬುಟ್ಟಿಯ ತುಂಬ ಪೇರಿಸಿಟ್ಟ ಮಂಡಿಗೆ ಬೀಗರ ಮನೆಗೆ ಹೋಗುವಾಗ ಗಾಡಿ ಹೊಡೆಯುವವನಿಗೆ ಹತ್ತು ಜನ ಹತ್ತು ಬುದ್ಧಿ ಹೇಳುತ್ತಿದ್ದರು.

ಉಂಡೆ ಹಿಗ್ಗಿಸುತ್ತಲೇ ಅತ್ಯಾ ಜ್ಞಾನೇಶ್ವರರ ಕತೆ ಹೇಳುತ್ತಿದ್ದಳು. ತಂಗಿ ಮುಕ್ತಾಬಾಯಿಗೆ ಮಂಡಿಗೆ ಮಾಡುವ ಆಸೆ. ವಿಸೋಬಾ ಅನ್ನುವವನು ಆ ಮಕ್ಕಳ ಮೇಲಿನ ದ್ವೇಷದಿಂದ, ಅವಳಿಗೆ ಗಡಿಗೆ ಕೊಡಬೇಡಿರೆಂದು ಕುಂಬಾರರಿಗೆಲ್ಲ ಕಟ್ಟಪ್ಪಣೆ ಮಾಡಿದ. ಹುಡುಗಿ ಅಳುತ್ತ ಬಂದಾಗ ಜ್ಞಾನೇಶ್ವರರು ಬಗ್ಗಿ ನಿಂತು ಯೋಗದಿಂದ ತಮ್ಮ ಬೆನ್ನನ್ನೇ ಕಾಯಿಸಿಕೊಂಡರಂತೆ; ಆಕೆ ಅದರ ಮೇಲೆ ಮಂಡಿಗೆ ಬೇಯಿಸಿದಳಂತೆ. ಕತೆ ಇಲ್ಲಿಗೆ ಬಂದಾಗ ಅತ್ಯಾ ಹೂಂ ಅನ್ನುವ ಹಾಗೆ ಗಡಿಗೆಯ ಕಡೆ ಗೋಣು ಹಾಕುತ್ತಿದ್ದಳು. ಗಡಿಗೆಯ ಬೆನ್ನು ಮುಟ್ಟಿ ನೋಡಲು ಹೋಗಿ ಬೆರಳು ಸುಟ್ಟುಕೊಂಡವರು ನಮ್ಮಲ್ಲಿ ಬಹಳ ಜನ.

ಅತ್ಯಾಗೆ ಗೊತ್ತಿದ್ದದ್ದು ಆ ಕತೆಯಷ್ಟೇ. ಅವಳ ಕೈಯ ಕೆಲಸ ಅದಕ್ಕಿಂತಲೂ ಹಳೆಯದೆಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ, ಗ್ರಂಥಾಲಯದಲ್ಲಿ. ಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಅದರ ಅನ್ನಭೋಗದ ಭಾಗದಲ್ಲಿ 'ಮಂಡಕ' ಇದೆ. ಗೋಧಿಯ ಹಿಟ್ಟು ನಾದುವುದು, ಕೈಯಿಂದ ಹಿಗ್ಗಿಸುವುದು, ಕಾದ ಮಡಕೆಯ ಮೇಲೆ ಬೇಯಿಸುವುದು, ಎಲ್ಲ ಅದೇ. 16ನೇ ಶತಮಾನದ ಆದಿಯಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ ಷಟ್ಪದಿಯಲ್ಲೇ ಅಡುಗೆ ಹೇಳಿದ 'ಸೂಪಶಾಸ್ತ್ರ'ದಲ್ಲೂ ಹಿಟ್ಟಿನ ತಿನಿಸುಗಳಿಗೆಂದೇ ಒಂದು ಅಧ್ಯಾಯ. ಓದಿದ ದಿನ ಅತ್ಯಾ ಇದ್ದಿದ್ದರೆ ಹೇಳಬಹುದಿತ್ತು. ಹೇಳಿದ್ದರೆ "ರಾಜಾ ಬರೀಲಿಕ್ಕೆ ಕೂತಿದ್ನೇನು, ಮಾಡಿದಾಕಿ ಯಾರು?" ಅನ್ನುತ್ತಿದ್ದಳು, ಬಹುಶಃ.

ಈ ನೆನಪನ್ನೆಲ್ಲ ಕೆದಕಿದ್ದು ಒಂದು ವಿಡಿಯೋ. ನಮ್ಮ ದಾಯಾದಿ ಅಣ್ಣನ ಮಗಳು ಓದಲು ವಿಯೆನ್ನಾಕ್ಕೆ ಹೋಗಿದ್ದಾಳೆ. ಅಲ್ಲಿನ ಷೋನ್‌ಬ್ರುನ್ ಅರಮನೆಯ ಆವರಣದಲ್ಲಿ ಆಪಲ್ ಸ್ಟ್ರೂಡಲ್ ಮಾಡಿ ತೋರಿಸುವ ಪ್ರದರ್ಶನ ನಡೆಯುತ್ತದಂತೆ, ಟಿಕೇಟು ಕೊಟ್ಟು ನೋಡಬೇಕು. ಅದನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದಳು. ಹಿಟ್ಟು, ನೀರು, ಎಣ್ಣೆ, ಉಪ್ಪು, ಒಂದಿಷ್ಟು ವಿನೆಗರ್. ನಾದಿ, ಎಣ್ಣೆ ಸವರಿ, ಬಿಡುತ್ತಾರೆ. ಆಮೇಲೆ ಬಾಣಸಿಗ ಎರಡೂ ಮುಂಗೈ ಅದರ ಅಡಿಗೆ ಕೊಟ್ಟು ಹಿಗ್ಗಿಸುತ್ತಾನೆ, ಮೇಜಿನ ಮೇಲೆ ಹಾಸಿದ ಬಟ್ಟೆಯುದ್ದಕ್ಕೂ ಅದನ್ನು ಎಳೆಯುತ್ತಾನೆ. ಅಡಿಗೆ ಕಾಗದವಿಟ್ಟರೆ ಅಕ್ಷರ ಓದಬರಬೇಕು, ಅಷ್ಟು ತೆಳು. ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಹರವಿ, ಅದರ ಮೇಲೆ ಹುಳಿ ಸೇಬಿನ ತೆಳು ಹೋಳು, ಒಣದ್ರಾಕ್ಷಿ, ದಾಲ್ಚಿನ್ನಿ, ಸಕ್ಕರೆ. ಸೇಬು ಬಿಡುವ ನೀರನ್ನು ಆ ಪುಡಿ ಹೀರಿಕೊಳ್ಳದಿದ್ದರೆ ತಳ ಒದ್ದೆಯಾಗಿ ಗರಿ ಹೋಗುತ್ತದೆ. ಕಡೆಗೆ ಬಟ್ಟೆಯ ಅಂಚನ್ನು ಎತ್ತಿದರೆ ಸಾಕು, ಅದು ತಾನೇ ಉರುಳುರುಳಿ ಸುರುಳಿಯಾಗುತ್ತದೆ. ಮೇಲೆ ಬೆಣ್ಣೆ ಸವರಿ ಒಲೆಗೆ. ದಪ್ಪ ಹಿಟ್ಟಿನಲ್ಲಿ ಹುದುಗಿಸಿ ಬೇಯಿಸುವ ಆಪಲ್ ಪೈಗಿಂತ ಇದು ಎಷ್ಟೋ ಹಗುರ ಅಂತ ಹುಡುಗಿ ಬರೆದಿದ್ದಳು.

ನಮ್ಮ ವೈನಿ, ಅಂದರೆ ಆ ಹುಡುಗಿಯ ತಾಯಿ, ವಿಡಿಯೋ ನೋಡುತ್ತ ನೋಡುತ್ತ ಎದ್ದೇ ನಿಂತರು. "ಅಯ್ಯ, ಇದು ಅತ್ಯಾನ ಕೈಯೇ ಅಲ್ಲೇನ್ರೀ!" ಹೌದು, ಮಣಿಕಟ್ಟು ತಿರುಗಿಸುವ ರೀತಿಯೂ ಅದೇ.

ಆ ಊರಿನವರ ಬಗ್ಗೆ ನನಗೆ ಹೊಟ್ಟೆಕಿಚ್ಚು ಬಂದದ್ದು ಆಗಲೇ. ಸ್ಟ್ರೂಡಲ್ ಮಾಡುವ ಕೈಬರಹದ ಹಳೆಯ ವಿಧಾನವೊಂದು 1696ರದು, ಅದನ್ನು ವಿಯೆನ್ನಾದ ನಗರ ಗ್ರಂಥಾಲಯ ಜತನವಾಗಿ ಕಾದಿಟ್ಟಿದೆ. ಹಿಟ್ಟನ್ನು ಹೀಗೆ ತೆಳು ಹಿಗ್ಗಿಸುವ ವಿದ್ಯೆ ತುರ್ಕರ ಕಡೆಯಿಂದ ಬಂದದ್ದೆಂದು ಹೇಳುತ್ತಾರೆ. ಬಂದದ್ದನ್ನು ಅವರು ತಮ್ಮದು ಮಾಡಿಕೊಂಡು, ಅರಮನೆಯಲ್ಲಿ ಕೂಡಿಸಿ, ಬಂದವರಿಗೆ ತೋರಿಸುತ್ತಿದ್ದಾರೆ. ನಮ್ಮ ಮಂಡಕದ ಬರಹ ಅದಕ್ಕಿಂತ 560ಕ್ಕೂ ಹೆಚ್ಚು ವರ್ಷ ಹಿರಿಯದು. ಕಲ್ಯಾಣದ ಕೋಟೆ ನೋಡಲು ಹೋದವರಿಗೆ ಮಂಡಿಗೆ ಹಿಗ್ಗಿಸಿ ತೋರಿಸುವವರಿದ್ದಾರೆಯೇ? ಮನಸ್ಸಿನಲ್ಲೇ ಮಂಡಿಗೆ ತಿನ್ನುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ, ಅಷ್ಟೇ. ಹಾಗಂತ ವಿಯೆನ್ನಾದ ಮನೆಮನೆಯಲ್ಲೂ ಹಿಟ್ಟು ಎಳೆಯುತ್ತ ಕೂತಿದ್ದಾರೆ ಅಂದುಕೊಳ್ಳಬೇಡಿ. ಅಂಗಡಿಯ ತಣ್ಣನೆ ಪೆಟ್ಟಿಗೆಯಲ್ಲಿ ಸಿದ್ಧ ಹಾಳೆ ಸುರುಳಿ ಸುತ್ತಿ ಮಾರುತ್ತಾರೆ, ತಂದು ಸೇಬು ತುಂಬಿದರಾಯಿತು ಅಂತ ಅದೇ ಹುಡುಗಿ ಹೇಳಿದಳು. ಅವಳೂ ಅದನ್ನೇ ತರುತ್ತಾಳೆ.

ಯಾಕೆ ಹೋಯಿತು ನಮ್ಮದು? ನಾಲಿಗೆ ಬದಲಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇವತ್ತು ಕೊಟ್ಟರೆ ಇವತ್ತೂ ಬಟ್ಟಲು ನೆಕ್ಕುತ್ತಾರೆ. ಹೋದದ್ದು ಹಿತ್ತಲು. ಬೋರಲು ಗಡಿಗೆಗೆ ಗ್ಯಾಸಿನ ಒಲೆಯ ಮೇಲೆ ಜಾಗವಿಲ್ಲ, ಫ್ಲ್ಯಾಟಿನ ಅಡುಗೆಮನೆಯಲ್ಲಿ ತೋಳು ಚಾಚಲು ಜಾಗವಿಲ್ಲ. ಹೇಳಿ ಕಳಿಸಿದರೆ ಬರುವ ಓಣಿಯೂ ಇಲ್ಲ. ಎಲ್ಲರಿಗೂ ಆಫೀಸು, ಎಲ್ಲರಿಗೂ ಮಕ್ಕಳ ಟ್ಯೂಷನ್ನು. ಒಬ್ಬರೇ ಕೂತು ಮಾಡುವ ತಿಂಡಿಯೂ ಇದಲ್ಲ. ನಾದುವವರು, ಲಟ್ಟಿಸುವವರು, ಹಿಗ್ಗಿಸುವವರು, ಉರಿ ನೋಡುವವರು, ಮಡಿಸುವವರು ಅಂತ ಒಂದೇ ಹೊತ್ತಿಗೆ ಅಷ್ಟು ಕೈ ಕೂಡಬೇಕು. ಕೈ ಕೂಡುವುದು ನಿಂತ ಮೇಲೆ ಮಂಡಿಗೆ ಎಲ್ಲಿಂದ ಬಂದೀತು?

ಆದರೆ ಹಿಂದಿನದೆಲ್ಲ ಬಂಗಾರ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಅತ್ಯಾಳ ಮುಂಗೈಗಳ ಒಳಬದಿಗೆ ಸುಟ್ಟ ಕಲೆಗಳಿದ್ದವು, ಹೊಗೆಗೆ ಕಣ್ಣು ಸದಾ ಕೆಂಪು. ಅವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮೊದಲ ಮಂಡಿಗೆಯನ್ನು ಮುತ್ತೈದೆಯೊಬ್ಬಳೇ ಗಡಿಗೆಗೆ ಹಾಕಬೇಕು ಅನ್ನುವ ಶಾಸ್ತ್ರ. ಅಮ್ಮನೋ ಕಾಕುವೋ ಹೇಗೋ ಒಂದನ್ನು ಹಾಕಿ, ಅದು ಹರಿದು, ಆಮೇಲೆ ಮಣೆ ಬಿಟ್ಟು ಏಳುತ್ತಿದ್ದರು. ಉಳಿದ ಬುಟ್ಟಿಗಟ್ಟಲೆ ಮಂಡಿಗೆ ಅತ್ಯಾಳದು. ಅಕ್ಷತೆ ಬೀಳುವ ಹೊತ್ತಿಗೆ ಅವಳು ಮಂಟಪದ ಹತ್ತಿರ ಸುಳಿಯುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. ಬೀಗರು ಮಂಡಿಗೆ ಹೊಗಳಿದಾಗ ಮನೆಯ ಹೆಸರು ಹೇಳುತ್ತಿದ್ದರು. ವಾದ್ಯದ ಸದ್ದು ಕೇಳುವಷ್ಟು ದೂರದ ಕೋಣೆಯಲ್ಲಿ ಅವಳು ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿರುತ್ತಿದ್ದಳು. ಇಂದಿನ ನಮ್ಮ ಹೆಣ್ಣುಮಕ್ಕಳಿಗೆ ಆ ಕೋಣೆ ತಪ್ಪಿತಲ್ಲ ಅನ್ನುವ ಸಮಾಧಾನವನ್ನು ನಾನು ಯಾವ ಮಂಡಿಗೆಗೂ ಕೊಡಲಾರೆ. ಆದರೆ ಆ ಕೋಣೆ ಹೋಗಲಿಕ್ಕೆ ಈ ಕಸುಬೂ ಹೋಗಲೇಬೇಕಿತ್ತೇ ಅನ್ನುವುದು ಮಾತ್ರ ನನಗೆ ಬಗೆಹರಿದಿಲ್ಲ.

ಪೂರ್ತಿ ಹೋಗಿದೆ ಅನ್ನುವುದೂ ತಪ್ಪಾದೀತು. ಬೆಳಗಾವಿಯಲ್ಲಿ ಹೇಳಿಟ್ಟರೆ ಮಾಡಿಕೊಡುವ ಹೆಂಗಸರು ಈಗಲೂ ಇದ್ದಾರೆ. ಅವರಿಗೆ ಇದು ಹೊಟ್ಟೆಪಾಡು. ದುಡಿದದ್ದಕ್ಕೆ ದುಡ್ಡು ಎಣಿಸಿಕೊಳ್ಳುತ್ತಾರೆ, ಅತ್ಯಾಗೆ ಸಿಗದಿದ್ದದ್ದು ಅದು. ಮಣ್ಣಿನ ಗಡಿಗೆ ಒಡೆಯುತ್ತದೆಂದು ಕಬ್ಬಿಣದ ಕಡಾಯಿಯನ್ನೇ ಬೋರಲು ಹಾಕುತ್ತಾರೆ. ಕುಂದಾ ಕೊಳ್ಳಲು ಬಂದವರು ಜೊತೆಗೊಂದು ಡಬ್ಬಿ ಮಂಡಿಗೆಯನ್ನೂ ಒಯ್ಯುತ್ತಾರೆ. ಪುಣೆಗೆ, ಬೆಂಗಳೂರಿಗೆ ಕೊರಿಯರಿನಲ್ಲಿ ಹೋಗಬೇಕಲ್ಲ, ಅದಕ್ಕೇ ಡಬ್ಬಿಯ ಅಳತೆಗೆ ತಕ್ಕಂತೆ ಚಿಕ್ಕದಾಗಿ ಮಾಡುತ್ತಾರೆ. ರುಚಿಗೆ ಹೆಸರಿಡುವ ಹಾಗಿಲ್ಲ.

ಹೋದ ದೀಪಾವಳಿಗೆ ಅಂಥದೊಂದು ಡಬ್ಬಿ ತಂದಿದ್ದೆ. ವೈನಿ ಒಂದನ್ನು ತೆಗೆದು, ಅಂಗೈಯ ಮೇಲಿಟ್ಟು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಹಾಲಿಗೆ ಮುರಿದು ಹಾಕಿಕೊಂಡು ಪೂರ್ತಿ ತಿಂದರು. ಬಟ್ಟಲು ಕೆಳಗಿಟ್ಟ ಮೇಲೆ ಹೇಳಿದರು: "ಛಲೋ ಅದ. ಆದರ ಅಳತಿ ಚಪಾತೀದಪಾ." ಆಮೇಲೆ, ನಾನೇ ಮಾಡಿದ ಹಾಗೆ ನನ್ನ ಮುಖ ನೋಡಿ, ಇನ್ನೊಂದಕ್ಕೆ ಕೈ ಹಾಕಿದರು.