ಬಿಸಿನೀರಿನಲ್ಲಿ ಬಣ್ಣದ ರಂಗೋಲಿ

ಅಮೆರಿಕದಲ್ಲಿ ಕೆಲಸ ಮಾಡೋ ನಮ್ಮಂಥ ಕನ್ನಡದ ಹುಡುಗರು ಲಾಂಗ್ ವೀಕೆಂಡ್ ಸಿಕ್ಕರೆ ಪ್ಲಾನ್ ಮಾಡುವ ಜಾಗಗಳಲ್ಲಿ ಯೆಲ್ಲೋಸ್ಟೋನ್ ಒಂದು. 1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಜಾಗಕ್ಕೆ ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ಸುಮಾರು ಐದು ಗಂಟೆ. ಎಲ್ಲರೂ ಓಲ್ಡ್ ಫೇತ್‌ಫುಲ್ ಚಿಮ್ಮೋದನ್ನು ನೋಡೋಕೆ ಓಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಸ್ಪ್ರಿಂಗ್.

ಸುಮಾರು 110 ಮೀಟರ್ ಅಗಲದ ಬಿಸಿನೀರಿನ ಕೊಳ. ನಡುವೆ ಕಡುನೀಲಿ, ಸುತ್ತ ಹಳದಿ, ಆಮೇಲೆ ಕಿತ್ತಳೆ, ಅಂಚಿನಲ್ಲಿ ಕಂದು. ಫೋಟೋದಲ್ಲಿ ನೋಡಿ ಫಿಲ್ಟರ್ ಹಾಕಿದ್ದಾರೆ ಅಂದುಕೊಳ್ಳಬೇಡಿ, ನಿಜವಾಗಿಯೂ ಹಾಗೇ ಇದೆ. ನಡುವಿನ ನೀರು ಸುಮಾರು 87 ಡಿಗ್ರಿ ಸೆಲ್ಸಿಯಸ್. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಯಾವ ಜೀವಿಗೂ ಅಲ್ಲಿ ಜಾಗವಿಲ್ಲ. ನೀರು ಹೊರಗೆ ಹರಿದು 73 ಡಿಗ್ರಿಯ ಆಸುಪಾಸಿಗೆ ಇಳಿದಾಗ ಸಯನೋಬ್ಯಾಕ್ಟೀರಿಯಾಗಳ ಬದುಕು ಶುರು. ದ್ಯುತಿಸಂಶ್ಲೇಷಣೆಗೆ ಜಗತ್ತಿನಲ್ಲಿ ಗೊತ್ತಿರುವ ಗರಿಷ್ಠ ಬಿಸಿ ಅದೇ. ಅಂದರೆ ಆ ಹಳದಿ ಗೆರೆ ಬರೀ ಬಣ್ಣವಲ್ಲ, ಬದುಕಿನ ಗಡಿ.

ಆ ಬಣ್ಣಕ್ಕೂ ಕಾರಣವಿದೆ. ಬೇಸಿಗೆಯ ಬಿಸಿಲು ಹೆಚ್ಚಾದಾಗ ಪತ್ರಹರಿತ್ತು ಹೀರುವ ಬೆಳಕೇ ಜೀವಕೋಶಕ್ಕೆ ವಿಷವಾಗುತ್ತದೆ. ಅದನ್ನು ತಡೆಯೋದು ಕ್ಯಾರೊಟಿನಾಯ್ಡ್, ನಮ್ಮ ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತುವಿನ ಬಳಗ. ಬ್ಯಾಕ್ಟೀರಿಯಾ ಹಚ್ಚಿಕೊಂಡ ಸನ್‌ಸ್ಕ್ರೀನ್ ಅನ್ನಿ. ಚಳಿಗಾಲದಲ್ಲಿ ಅಷ್ಟು ಬೇಕಾಗಲ್ಲ, ಆಗ ಹಸಿರು ಹೆಚ್ಚು ಕಾಣುತ್ತದೆ.

ಸಂಜೆ ರೂಮಿಗೆ ಬಂದು ಕೋಲಾರದ ಕಡೆಯ ನಮ್ಮೂರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಾಗಿತ್ತು, ಅಪ್ಪ ತೋಟದಲ್ಲಿದ್ದರು. ಫೋಟೋ ನೋಡಿ ಅವರು ಕೇಳಿದ್ದು ಇಷ್ಟೇ: "ಎಪ್ಪತ್ತು ಡಿಗ್ರೀಲಿ ಪಾಚಿ ಬದುಕತ್ತಾ? ನಮ್ ಟೊಮೆಟೊ ಹೂವು ಮೂವತ್ತೆಂಟಕ್ಕೇ ಉದುರೋಗುತ್ತಲ್ಲೋ!"

ಆ ಪ್ರಶ್ನೆ ತಲೇಲಿ ಕೂತುಬಿಟ್ಟಿತು. ಉತ್ತರದ ಒಂದು ತುಂಡು ಜರ್ಮನಿಯ ಮ್ಯೂನಿಕ್‌ನಲ್ಲಿದೆ. ಅಲ್ಲಿನ ವಿಜ್ಞಾನಿಗಳು ಸಿನೆಕೊಸಿಸ್ಟಿಸ್ ಎಂಬ ಸಾಮಾನ್ಯ ಸಯನೋಬ್ಯಾಕ್ಟೀರಿಯಾವನ್ನು ತಲೆಮಾರಿನಿಂದ ತಲೆಮಾರಿಗೆ ಬೆಳಕು ಹೆಚ್ಚಿಸುತ್ತಾ ಬೆಳೆಸಿದರು. ತಡೆದುಕೊಂಡದ್ದು ಉಳಿಯಿತು, ಉಳಿದದ್ದು ಸತ್ತಿತು. ಕೊನೆಗೆ ಸಿಕ್ಕ ತಳಿಗಳು ತೀರಾ ಹೆಚ್ಚಿನ ಬೆಳಕನ್ನು ತಾಳಿಕೊಂಡವು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಜೀನ್ ಬದಲಾವಣೆಗಳು ಪತ್ತೆಯಾದವು. ಕೋಡ್ ಬರೆಯೋರ ಭಾಷೆಯಲ್ಲಿ ಹೇಳಬೇಕೆಂದರೆ, ಒಂದೇ ಅಕ್ಷರದ ಬದಲಾವಣೆಗೆ ಇಡೀ ಸಿಸ್ಟಮ್ ಹೆಚ್ಚು ಲೋಡ್ ತಡೆದ ಹಾಗೆ.

ಆದರೆ ಇದು ಪುಕ್ಕಟೆ ಸಿಗಲ್ಲ. ಒರೆಗಾನ್ ರಾಜ್ಯದ ಬಿಸಿ ಬುಗ್ಗೆಯ ಸಿನೆಕೊಕಾಕಸ್‌ಗಳನ್ನು ಪರೀಕ್ಷಿಸಿದಾಗ, ಹೆಚ್ಚು ಬಿಸಿ ತಡೆಯುವಂತಾದ ವಂಶಗಳು ತಮ್ಮ ಪೂರ್ವಜರು ಬೆಳೆಯುತ್ತಿದ್ದ ಕಡಿಮೆ ಬಿಸಿಯಲ್ಲಿ ಬೆಳೆಯುವ ಶಕ್ತಿ ಕಳೆದುಕೊಂಡಿದ್ದವು. ಒಂದನ್ನು ಪಡೆಯೋಕೆ ಇನ್ನೊಂದನ್ನು ಬಿಡಬೇಕು. ಹಾಗಾಗಿ ನಾಳೆಯೇ ಬಿಸಿಲು ತಡೆಯುವ ಟೊಮೆಟೊ ಬರುತ್ತೆ ಅಂತ ಅಪ್ಪನಿಗೆ ನಾನು ಹೇಳಲಿಲ್ಲ. ಗಿಡದ ಹೂವು ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಜಟಿಲ. ಆದರೆ ಗಿಡದ ಎಲೆಯೊಳಗಿನ ಹಸಿರು ಕಣ, ಕ್ಲೋರೋಪ್ಲಾಸ್ಟ್, ಇದೇ ಸಯನೋಬ್ಯಾಕ್ಟೀರಿಯಾದ ವಂಶದ್ದು. ಹುಡುಕೋಕೆ ಸರಿಯಾದ ಮನೆಯಂತೂ ಇದೇ.

ಇಂಥ ಹುಡುಕಾಟ ಫಲ ಕೊಟ್ಟದ್ದೂ ಇದೆ. 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಇದೇ ಯೆಲ್ಲೋಸ್ಟೋನ್‌ನ ಬುಗ್ಗೆಯೊಂದರಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ ತಂದರು. ಪಿಸಿಆರ್ ಪರೀಕ್ಷೆ ಮನೆಮಾತಾಗಲು ಅದರ ಬಿಸಿ ತಡೆಯುವ ಕಿಣ್ವವೇ ದಾರಿ ಮಾಡಿಕೊಟ್ಟಿತು.

ಹೋಗೋರಿಗೆ ಎರಡು ಮಾತು. ಬೆಳಗ್ಗೆ ಹಬೆ ದಟ್ಟವಾಗಿದ್ದು ಏನೂ ಕಾಣಲ್ಲ, ಬಿಸಿಲೇರಿದ ಮೇಲೆ ಹೋಗಿ. ಫೇರಿ ಫಾಲ್ಸ್ ದಾರಿಯಲ್ಲಿ ಸುಮಾರು ಒಂದು ಕಿಲೋಮೀಟರ್ ನಡೆದರೆ ಮೇಲಿಂದ ಪೂರ್ತಿ ಕೊಳ ಕಾಣುತ್ತೆ. ಮರದ ಹಲಗೆಯ ದಾರಿ ಬಿಟ್ಟು ಮಾತ್ರ ಇಳಿಯಬೇಡಿ. ನಿಮ್ಮ ಜೀವಕ್ಕೆ ಅಪಾಯ, ಕಾಲಡಿ ಸಿಗುವ ಆ ಕಿತ್ತಳೆ ಪದರದ ಜೀವಕ್ಕೂ.