ಮರ ಬೀಳುವ ಲೆಕ್ಕ

ನ್ಯೂಟನ್ನನ ಎರಡನೇ ನಿಯಮದ ಪಾಠ ಮುಗಿಸಿದ ದಿನ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಒಂದು ಸಿಲ್ವರ್ ಮರ ಬಿದ್ರೆ ಎಷ್ಟು ಫೋರ್ಸ್ ಇರುತ್ತೆ? ಹೆಲ್ಮೆಟ್ ತಡೆಯುತ್ತಾ?” ಮೂಡಿಗೆರೆ ಕಡೆಯವಳು. ಅಪ್ಪ ಕಾಫಿ ತೋಟಗಳಲ್ಲಿ ಮರ ಕೊಯ್ಯುವವರು. ಆ ವಾರ ತೋಟದಲ್ಲಿ ಹಳದಿ ಹೆಲ್ಮೆಟ್ ಹಂಚಿ, ಇನ್ನು ಭಯವಿಲ್ಲ ಎಂದಿದ್ದರಂತೆ.

ಬೋರ್ಡಿನ ಮೇಲೆಯೇ ಲೆಕ್ಕ ಶುರುಮಾಡಿದೆವು. ಅವಳು ಹೇಳಿದ ಮರ 60 ಅಡಿ ಎತ್ತರ, ನಡುವಿನ ಸುತ್ತಳತೆ 3 ಅಡಿ. ಮರದ ವ್ಯಾಪಾರಿಗಳು ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುತ್ತಾರೆ. ಹಾಗೆ 34 ಘನ ಅಡಿ ಸಿಗುತ್ತದೆ. ಆ ಲೆಕ್ಕದಲ್ಲಿ ಮರದ ಐದರಲ್ಲೊಂದು ಪಾಲು ಕಾಣೆಯಾಗುತ್ತದೆ (ಯಾರ ಲಾಭಕ್ಕೆ ಎಂದು ಹುಡುಗರಿಗೆ ಬಿಡಿಸಿ ಹೇಳಬೇಕಾಗಲಿಲ್ಲ). ನಿಜವಾದ ಗಾತ್ರ ಸುಮಾರು 43 ಘನ ಅಡಿ. ಹಸಿ ಮರದ ತೂಕ ನೀರಿನ ತೂಕಕ್ಕೆ ಹತ್ತಿರ, ಹಾಗಾಗಿ ಒಂದು ಟನ್ ಎಂದುಕೊಂಡೆವು. ಬುಡ ದಪ್ಪ, ತುದಿ ಸಪೂರ. ಭಾರದ ಕೇಂದ್ರ 7 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಬೀಳುವಾಗ ಬಿಡುಗಡೆಯಾಗುವ ಶಕ್ತಿ 68,600 ಜೂಲ್. ಒಂದು ಟನ್ನಿನ ಕಾರು ಗಂಟೆಗೆ 42 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದಷ್ಟು.

ಹೆಲ್ಮೆಟ್ಟಿನ ಉತ್ತರ ಬೇಗ ಸಿಕ್ಕಿತು. ಕಾರ್ಮಿಕರ ಹೆಲ್ಮೆಟ್ಟಿಗೆ ಯುರೋಪಿನಲ್ಲಿ ಇಎನ್ 397 ಎಂಬ ಮಾನದಂಡವಿದೆ. 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಅದರ ಮೇಲೆ ಬೀಳಿಸುತ್ತಾರೆ. ಒಳಗಿನ ತಲೆಗೆ ತಲುಪುವ ಬಲ 5 ಕಿಲೋನ್ಯೂಟನ್ ಮೀರಬಾರದು. ಆ ಪೆಟ್ಟಿನ ಶಕ್ತಿ 49 ಜೂಲ್. ಅರ್ಧ ಕಿಲೋದ ಒಣ ಕೊಂಬೆ 10 ಮೀಟರ್ ಮೇಲಿಂದ ಬಿದ್ದರೂ ಅಷ್ಟೇ. ಮರಕ್ಕೂ ಆ ಪರೀಕ್ಷೆಗೂ 1,400 ಪಟ್ಟು ಅಂತರ. ಕೊಯ್ಯುವಾಗ ಅಲುಗಾಡಿ ಉದುರುವ ಪುಳ್ಳೆಗಳಿಗೆ ಹೆಲ್ಮೆಟ್ ಬೇಕೇ ಬೇಕು. ಮರಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಆದರೆ ಅವಳು ಕೇಳಿದ್ದು ಬಲ. ಶಕ್ತಿಯನ್ನು, ಬಿದ್ದದ್ದು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ ಸರಾಸರಿ ಬಲ ಬರುತ್ತದೆ. ಆ ದೂರ ಮರದ ಬಳಿ ಇಲ್ಲ. ಮರ ಯಾವುದರ ಮೇಲೆ ಬೀಳುತ್ತದೋ ಅದರ ಬಳಿ ಇದೆ. ಹಾಗಾಗಿ ಒಂದು ಭಾನುವಾರ ತೋಟಕ್ಕೆ ಹೋದೆವು.

ಅವಳ ಅಪ್ಪ ಕಾಂಡಕ್ಕೆ ಮೀಟರಿಗೊಂದರಂತೆ ಸುಣ್ಣದ ಪಟ್ಟಿ ಬಳಿದುಕೊಟ್ಟರು. ನಾವು ದೂರದ ದಿಬ್ಬದ ಮೇಲೆ ನಿಂತು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿದೆವು. ಬುಡ ಊರಿಕೊಂಡು ಬೀಳುವ ಕೋಲಿನ ತುದಿ, ಅದೇ ಎತ್ತರದಿಂದ ಬಿಟ್ಟ ಕಲ್ಲಿಗಿಂತ ಜೋರಾಗಿ ನೆಲ ಮುಟ್ಟುತ್ತದೆ: 18 ಮೀಟರಿಗೆ ಕಲ್ಲು ಗಂಟೆಗೆ 68 ಕಿಲೋಮೀಟರ್, ಒಂದೇ ದಪ್ಪದ ಕೋಲಿನ ತುದಿ 83. ಸೊಪ್ಪು ತುಂಬಿದ ಮೊದಲ ಮರ ಅಷ್ಟು ವೇಗ ಮುಟ್ಟಲಿಲ್ಲ, ಎಲೆಗಳು ಗಾಳಿಯನ್ನು ತಳ್ಳುತ್ತಾ ಬಂದವು. ಕಾಫಿ ಗಿಡ ಉಳಿಯಲೆಂದು ಮೊದಲೇ ಕೊಂಬೆ ಸವರಿದ್ದ ಎರಡನೆಯದು ದಢಾರನೆ ಬಿತ್ತು. ಗಿಡ ಉಳಿಸುವ ಉಪಾಯವೇ ಪೆಟ್ಟನ್ನು ಗಟ್ಟಿ ಮಾಡುತ್ತದೆ. ಕೊಂಬೆಗಳಿದ್ದರೆ ತಾವು ಮುರಿದು ಮೆತ್ತೆಯಾಗುತ್ತವೆ.

ಹುಡುಗಿ ರೆಕಾರ್ಡ್ ಪುಸ್ತಕದಲ್ಲಿ ಬರೆದದ್ದು ಹೀಗೆ. ಕೊಂಬೆಗಳು 1 ಮೀಟರ್ ಕುಸಿದು ತಡೆದರೆ 7 ಟನ್ ಭಾರದಷ್ಟು ಬಲ. ಮೆತ್ತನೆಯ ಮಣ್ಣು ಒಂದು ಗೇಣು ತಗ್ಗಿದರೆ 32 ಟನ್. ಬಂಡೆಯ ಮೇಲೆ ಬಿದ್ದು ತೊಗಟೆ 3 ಸೆಂಟಿಮೀಟರ್ ಮಾತ್ರ ಜಜ್ಜಿದರೆ 230 ಟನ್. ಒರಟು ಲೆಕ್ಕ, ಏಕೆಂದರೆ ಮರ ಇಡಿಯಾಗಿ ಒಂದೇ ಕ್ಷಣಕ್ಕೆ ನಿಲ್ಲುವುದಿಲ್ಲ. ಆದರೂ ಅದೇ ಮರ, ಅದೇ ಎತ್ತರ! ಪುಸ್ತಕ ನೋಡಿದ ನನ್ನ ಸಹೋದ್ಯೋಗಿಯೊಬ್ಬರು, ಮೂರರಲ್ಲಿ ಸರಿಯಾದ ಉತ್ತರ ಯಾವುದು ಎಂದು ಕೇಳಿದರು. ಮೂರೂ ಸರಿ ಎಂದರೆ ಅವರಿಗೆ ಸಮಾಧಾನವಾಗಲಿಲ್ಲ.

ಅವಳ ಅಪ್ಪನಿಗೆ ಟನ್ನುಗಳ ಬಗ್ಗೆ ಅಷ್ಟೇನೂ ಕುತೂಹಲವಿರಲಿಲ್ಲ. “ಮರ ಮುಂದೆ ಬೀಳ್ತದೆ ಅಂತ ಎಲ್ರೂ ಮುಂದೆ ನೋಡ್ತಾರೆ ಮೇಡಂ. ಬುಡ ಹಿಂದಕ್ಕೆ ಒದ್ದರೆ? ಹಿಂದೆ ಓರೆಯಾಗಿ ಓಡೋಕೆ ಜಾಗ ಬೇಕು. ಇಲ್ಲಿ ಎಲ್ಲಿದೆ ಜಾಗ, ಬರೀ ಕಾಫಿ ಗಿಡ.” ಗರಗಸ ಹಿಡಿದವನು ಓಡಬೇಕಾದ ದಾರಿಯಲ್ಲಿ ಸೊಂಟದೆತ್ತರದ ರೆಕ್ಕೆಗಳು ಹೆಣೆದುಕೊಂಡಿದ್ದವು.

ಅಪ್ಪ-ಮಗಳ ಜೊತೆ ನಾನೂ ಸಾಹುಕಾರ್ರ ಹತ್ತಿರ ಹೋಗಿ ರೆಕಾರ್ಡ್ ತೋರಿಸಿದೆ. 1,400 ಪಟ್ಟು ಎಂಬಲ್ಲಿ ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ, ದಾರಿ ಮಾಡಬೇಕಾದರೆ ಮರಕ್ಕೆ ಎಷ್ಟು ಗಿಡ ಹೋಗುತ್ತೆ ಎಂದರು. ನಾಲ್ಕು ಎಂದರು ಅವಳ ಅಪ್ಪ. ಸಾಹುಕಾರ್ರು ಸ್ವಲ್ಪ ಹೊತ್ತು ತೋಟದ ಕಡೆ ನೋಡಿ, “ಎರಡು ಸವರ್ಕೋ” ಎಂದರು.

ಮಾರನೆಯ ವಾರ ಅವರು ನಾಲ್ಕನ್ನೂ ಸವರಿದರಂತೆ.