ಸೊಪ್ಪು ಕಟ್ಟಿದರಷ್ಟೇ ಸಿದ್ದಿ ಕುಣಿತವೇ?

ಉತ್ಸವಗಳ ಸೀಸನ್ ಶುರುವಾದರೆ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಒಂದು ಫೋಟೊ ಖಾತ್ರಿ. ಮೆರವಣಿಗೆಯಲ್ಲಿ ಡೊಳ್ಳು, ವೀರಗಾಸೆ, ಕೀಲುಕುದುರೆ ಎಲ್ಲ ಹೋದ ಮೇಲೆ ಸಿದ್ದಿ ತಂಡ ಬರುತ್ತದೆ. ಸೊಂಟಕ್ಕೆ ಸೊಪ್ಪು, ತಲೆಗೆ ಗರಿ, ಮುಖದ ಮೇಲೆ ಬಿಳಿ ಬಣ್ಣದ ಚುಕ್ಕಿ. ಜನ ಮೊಬೈಲ್ ಎತ್ತುತ್ತಾರೆ, ನಾವೂ ಕ್ಯಾಮೆರಾ ಎತ್ತುತ್ತೇವೆ. ಮರುದಿನ ಪೇಪರಿನಲ್ಲಿ ಡೊಳ್ಳಿನವರ ಫೋಟೊ ಬರದಿದ್ದರೂ ಸಿದ್ದಿಗಳ ಫೋಟೊ ಬಂದೇ ಬರುತ್ತದೆ.

ನಾನು ಒಮ್ಮೆ ಅಂಥ ಫೋಟೊದ ಅಡಿಗೆ 'ಸಿದ್ದಿ ಕಲಾವಿದರ ದಮಾಮಿ ಕುಣಿತ' ಎಂದು ಬರೆದು ಕಳಿಸಿದ್ದೆ. ಪೇಪರಿನಲ್ಲಿ ಅದು 'ಗಮನ ಸೆಳೆದ ಆಫ್ರಿಕನ್ ಕಾಡು ನೃತ್ಯ' ಆಗಿತ್ತು. ಕುಣಿದವರಲ್ಲಿ ಒಬ್ಬರು ಆ ಪುಟವನ್ನು ವಾಟ್ಸಾಪಿನಲ್ಲಿ ನನಗೇ ಕಳಿಸಿದರು. ಒಂದಕ್ಷರ ಬರೆದಿರಲಿಲ್ಲ, ಪುಟ ಮಾತ್ರ.

ಆಫ್ರಿಕನ್ ನೃತ್ಯ ಅಂದರೆ ನಿಜಕ್ಕೂ ಏನು, ಅದನ್ನು ಆಳವಾಗಿ ಕಲಿಯುವುದು ಅಂದರೆ ಏನು ಎಂಬ ಹುಡುಕಾಟ ನನಗೆ ಹಿಡಿದದ್ದು ಆಮೇಲೆ.

ನಾನಿರುವುದು ಹೆಗ್ಗೋಡಿನಲ್ಲಿ. ಇಲ್ಲಿ ನಾಟಕದ ಮಾತು ಅಡಿಕೆ ದರದ ಮಾತಿನಷ್ಟೇ ಸಹಜ. 1949ರಲ್ಲಿ ಶುರುವಾದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಕಲಿತವರಲ್ಲಿ ಸಿದ್ದಿ ಸಮುದಾಯದವರೂ ಇದ್ದಾರೆ. ಸಿನಿಮಾದಲ್ಲಿ ನೀವು ನೋಡಿರುವ ಪ್ರಶಾಂತ್ ಸಿದ್ದಿ, ರಂಗಭೂಮಿಯ ನಟಿ ಹಾಗೂ ಗಾಯಕಿ ಗಿರಿಜಾ ಸಿದ್ದಿ ಇಲ್ಲಿಂದಲೇ ಹೋದವರು. ಅದಕ್ಕೂ ಮುಂಚೆ, 1980ರ ದಶಕದಲ್ಲಿ, ನೀನಾಸಮ್‌ನ ಚಿದಂಬರ ರಾವ್ ಜಂಬೆ ಅವರು ಮಂಚಿಕೇರಿಯ ಸಿದ್ದಿಗಳನ್ನೇ ಸೇರಿಸಿ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕ ಆಡಿಸಿದ್ದರು. ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಆಧಾರ. ನಮ್ಮ ಊರಿನ ಹಿರಿಯರು ಈಗಲೂ ಆ ನಾಟಕದ ಮಾತು ತೆಗೆಯುತ್ತಾರೆ. ಅವರು ಹೇಳುವುದು ಕತೆಗಿಂತ ಹೆಚ್ಚಾಗಿ ಕುಣಿತದ ಬಗ್ಗೆಯೇ.

ಸಿದ್ದಿಗಳು ಯಾರು ಅನ್ನುವುದು ಮಲೆನಾಡಿನವರಿಗೆ ಗೊತ್ತು, ಆದರೂ ಎರಡು ಮಾತು. ಇವರ ಹಿರಿಯರು ಪೂರ್ವ ಆಫ್ರಿಕಾದ ಕಡೆಯಿಂದ ಬಂದವರು. ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಎಲ್ಲರೂ ಗುಲಾಮರಾಗಿಯೇ ಉಳಿದವರಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. ನಮ್ಮ ಬಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಸಿ ದೊಡ್ಡ ಮಂತ್ರಿಯಾಗಿದ್ದ. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಕಡೆ ಇರುವ ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು 2003ರಲ್ಲಿ.

ಸಾಗರದಿಂದ ಸಿದ್ದಾಪುರ, ಶಿರಸಿ ದಾಟಿ ಯಲ್ಲಾಪುರದ ರಸ್ತೆ ಹಿಡಿದರೆ ಹೆಚ್ಚುಕಡಿಮೆ 100 ಕಿ.ಮೀ. ಒಂದು ಚಳಿಗಾಲ ಪೂರ್ತಿ ಬಿಡುವಿದ್ದ ಭಾನುವಾರಗಳಲ್ಲಿ ಬೈಕ್ ಹತ್ತಿ ಆ ಕಡೆ ಹೋದೆ. ಒಂದು ಸಿದ್ದಿ ಕೇರಿಯಲ್ಲಿ, ಐವತ್ತು ದಾಟಿದ ಒಬ್ಬ ಅಕ್ಕ ಕಲಿಸಲು ಒಪ್ಪಿದ್ದರು. ಕೂಲಿ ಕೆಲಸದವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಮೊದಲ ದಿನ ಹೆಜ್ಜೆ ಹೇಳಿಕೊಡುತ್ತಾರೆ ಅಂದುಕೊಂಡು ಹೋಗಿದ್ದೆ. ಅವರು ನಿಲ್ಲಲು ಹೇಳಿದರು. ನಿಂತೆ.

"ಹಿಂಗಲ್ಲ ತಮ್ಮಾ. ಗದ್ದೇಲಿ ಸಸಿ ನೆಡೋ ಹಂಗೆ ನಿಲ್ಲು" ಅಂದರು.

ಮೊಣಕಾಲು ಸ್ವಲ್ಪ ಮಡಚಿರಬೇಕು. ಸೊಂಟದಿಂದ ಮುಂದಕ್ಕೆ ಬಾಗಿರಬೇಕು, ಬೆನ್ನು ಗೂನಾಗಬಾರದು. ಪಾದ ಪೂರ್ತಿ ನೆಲಕ್ಕೆ ಅಂಟಿರಬೇಕು. ನೆಟ್ಟಿ ಮಾಡುವ ಹೆಂಗಸರು ದಿನವಿಡೀ ಹಾಗೇ ಇರುತ್ತಾರೆ, ನಾವು ಬದುವಿನ ಮೇಲೆ ನಿಂತು ನೋಡಿರುತ್ತೇವೆ. ಹತ್ತು ನಿಮಿಷಕ್ಕೆ ನನ್ನ ತೊಡೆ ನಡುಗಿತು. ಯಕ್ಷಗಾನದ ವೇಷಧಾರಿ ದಿಗಿಣ ಹಾಕುವಾಗ ಮೇಲಕ್ಕೆ ಹಾರುತ್ತಾನೆ. ಇಲ್ಲಿ ಮೈಯ ಭಾರವೆಲ್ಲ ಕೆಳಕ್ಕೆ, ನೆಲದ ಕಡೆಗೆ. ಮೂರು ಭಾನುವಾರ ನಾನು ಕಲಿತದ್ದು ನಿಲ್ಲುವುದನ್ನೇ.

ಎರಡನೆಯದು ಲೆಕ್ಕ. ಇದನ್ನು ನೀವು ಕೂತಲ್ಲೇ ಮಾಡಿ ನೋಡಬಹುದು, ಮೊಬೈಲ್ ಒಂದು ಗಳಿಗೆ ಪಕ್ಕಕ್ಕಿಡಿ. ಒಂದರಿಂದ ಆರರವರೆಗೆ ಒಂದೇ ವೇಗದಲ್ಲಿ ಎಣಿಸುತ್ತಾ ಹೋಗಿ. ಬಲಗೈಯಿಂದ ತೊಡೆಯ ಮೇಲೆ 1, 3, 5ಕ್ಕೆ ತಟ್ಟಿ. ಎಡಗೈಯಿಂದ 1 ಮತ್ತು 4ಕ್ಕೆ ತಟ್ಟಿ. ಅಷ್ಟೇ. ಬಲಗೈ ಮೂರು ಹೊಡೆಯುವಷ್ಟರಲ್ಲಿ ಎಡಗೈ ಎರಡು ಹೊಡೆಯಬೇಕು. ಮೊದಮೊದಲು ಒಂದು ಕೈ ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ. ಆಫ್ರಿಕಾದ ಅನೇಕ ಕಡೆಯ ವಾದ್ಯ ಮತ್ತು ಕುಣಿತದಲ್ಲಿ ಈ ಮೂರು ಎರಡರ ಜಗ್ಗಾಟ ತಳಪಾಯದ ಹಾಗೆ. ಕೈಯಲ್ಲಿ ಬಂದ ಮೇಲೆ ಅದು ಮೈಗೆ ಬರಬೇಕು. ಕಾಲು ಎರಡರ ಲೆಕ್ಕದಲ್ಲಿ ನಡೆಯುವಾಗ ಭುಜ ಮೂರರಲ್ಲಿ ಆಡಬೇಕು, ಎದೆ ಬೇರೆ ಏನೋ ಹೇಳಬೇಕು. ಒಬ್ಬನ ಮೈಯಲ್ಲಿ ಇಬ್ಬರು ಮೂವರು ಕುಣಿದ ಹಾಗೆ.

ಮೂರನೆಯದು ವಾದ್ಯದವನ ಜೊತೆ ಮಾತು. ನಿಜವಾದ ದೊಡ್ಡ ಪಾಠ ಇದು. ಪಶ್ಚಿಮ ಆಫ್ರಿಕಾದ ಜೆಂಬೆ ಕುಣಿತಗಳಲ್ಲಿ ಮುಖ್ಯ ವಾದ್ಯದವನು ಒಂದು ಗುರುತಿನ ಹೊಡೆತ ಕೊಡುತ್ತಾನೆ. ಅದು ಕೇಳಿದ ಕೂಡಲೇ ಕುಣಿಯುವವರು ಹೆಜ್ಜೆ ಬದಲಿಸುತ್ತಾರೆ. ವೃತ್ತದ ನಡುವೆ ಒಬ್ಬರೇ ಬಂದಾಗ ತಿರುಗುಮುರುಗು. ಕುಣಿಯುವವರ ಭುಜ ನೋಡಿ ವಾದ್ಯದವನು ಹೊಡೆಯುತ್ತಾನೆ. ಮದ್ದಲೆಯವರ ಬಿಡ್ತಿಗೆ ಕೇಳಿ ಬೆಳೆದ ನಮಗೆ ಇದು ತೀರಾ ಹೊಸದೇನಲ್ಲ. ಆದರೆ ನಾನು ಆ ಮೆಟ್ಟಿಲಿಗೆ ಏರಲಿಲ್ಲ. ಅಕ್ಕ ನೇರವಾಗಿ ಹೇಳಿದರು: "ಮೈ ಬಂತು, ಕಿವಿ ಇನ್ನೂ ಬಂದಿಲ್ಲ. ಇನ್ನು ನಾಕು ವರ್ಷ ಬಾ."

ನಾಕು ವರ್ಷ ಅಂದದ್ದು ತಮಾಷೆಗಲ್ಲ. ಸೆನೆಗಲ್ ದೇಶದ ತೂಬಾಬ್ ಜಲಾವ್ ಎಂಬ ಕಡಲ ದಡದ ಹಳ್ಳಿಯಲ್ಲಿ ಒಂದು ನೃತ್ಯಶಾಲೆ ಇದೆ. ಫ್ರೆಂಚಿನಲ್ಲಿ ಅದರ ಹೆಸರು ಎಕೋಲ್ ದೆ ಸಾಬ್ಲ್, ಅಂದರೆ ಮರಳಿನ ಶಾಲೆ. ಅಲ್ಲಿನ ಒಂದು ಅಂಕಣದ ನೆಲವೇ ಮರಳು. 1998ರಲ್ಲಿ ಅದನ್ನು ಕಟ್ಟಿದವರು ಜೆರ್ಮೇನ್ ಅಕೋನಿ ಮತ್ತು ಅವರ ಪತಿ ಹೆಲ್ಮುಟ್ ಫೋಗ್ಟ್. 1944ರಲ್ಲಿ ಬೆನಿನ್‌ನಲ್ಲಿ ಹುಟ್ಟಿ ಸೆನೆಗಲ್‌ನಲ್ಲಿ ಬೆಳೆದ ಅಕೋನಿ, ಪಶ್ಚಿಮ ಆಫ್ರಿಕಾದ ಕುಣಿತಗಳನ್ನೂ ಯುರೋಪಿನಲ್ಲಿ ಕಲಿತದ್ದನ್ನೂ ಸೇರಿಸಿ ತಮ್ಮದೇ ಒಂದು ಪದ್ಧತಿ ರೂಪಿಸಿದರು. 1980ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಅವರ ಪಾಠದಲ್ಲಿ ಬೆನ್ನುಮೂಳೆ ಅಂದರೆ ಜೀವದ ಹಾವು. ಎದೆ ಸೂರ್ಯ, ಹಿಂಭಾಗ ಚಂದ್ರ. ಒಂದೊಂದು ಚಲನೆಗೂ ಮರ, ಪ್ರಾಣಿಗಳಿಂದ ಬಂದ ಹೆಸರಿದೆ. ನಾನಾ ದೇಶಗಳ ವೃತ್ತಿಪರ ನರ್ತಕರು ಅಲ್ಲಿಗೆ ಹೋಗಿ ಬೆನ್ನು ಅಲುಗಿಸುವುದನ್ನು ಅ ಆ ಇ ಈಯಿಂದ ಕಲಿಯುತ್ತಾರೆ. 2021ರಲ್ಲಿ ವೆನಿಸ್‌ನ ನೃತ್ಯೋತ್ಸವ ಆಕೆಗೆ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹ ಪ್ರಶಸ್ತಿ ಕೊಟ್ಟಿತು.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, 'ಕಾಡು ನೃತ್ಯ' ಎಂದು ಬರೆಯುವವರಿಗೆ ಇದು ಕಲಿಯುವ ವಿದ್ಯೆ ಅನ್ನುವುದೇ ಗೊತ್ತಿರುವುದಿಲ್ಲ. ಕಪ್ಪಗಿದ್ದವರಿಗೆ ಹುಟ್ಟಿನಿಂದಲೇ ಬರುತ್ತದೆ ಅಂದುಕೊಳ್ಳುತ್ತಾರೆ. ಭಟ್ಟರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮಂತ್ರ ಬಾಯಿಗೆ ಬರುತ್ತದೆಯೇ?

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಆಫ್ರಿಕಾದಲ್ಲಿ 54 ದೇಶಗಳಿವೆ. ಸೆನೆಗಲ್‌ನ ಸಬಾರ್ ಬೇರೆ, ಮೊಜಾಂಬಿಕ್‌ನ ಹೆಂಗಸರ ತುಫೊ ಬೇರೆ, ಮಲಾವಿ ಕಡೆಯ ಮುಖವಾಡದ ಗುಲೆ ವಂಕುಲು ಬೇರೆ. ಎಲ್ಲವನ್ನೂ 'ಆಫ್ರಿಕನ್ ನೃತ್ಯ' ಅನ್ನುವುದು, ಕೋಲಾಟಕ್ಕೂ ಯಕ್ಷಗಾನಕ್ಕೂ ಜಪಾನಿನ ಕುಣಿತಕ್ಕೂ 'ಏಷ್ಯಾ ನೃತ್ಯ' ಅಂದ ಹಾಗೆ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತಕ್ಕೆ 'ಗೋಮಾ' ಅನ್ನುತ್ತಾರೆ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ 'ಙೋಮಾ' ಅಂದರೆ ವಾದ್ಯವೂ ಹೌದು, ಕುಣಿತವೂ ಹೌದು. ಅಲ್ಲಿ ಬಳ್ಳಿಯ ಬುಡ ನೇರವಾಗಿ ಕಾಣುತ್ತದೆ.

ನಮ್ಮ ಸಿದ್ದಿಗಳದು ಇನ್ನೂ ಹೆಣೆದುಕೊಂಡ ಕತೆ. ದಮಾಮ ಅನ್ನುವುದು ಪಾರ್ಸಿ ಭಾಷೆಯಿಂದ ಬಂದ ನಗಾರಿಯ ಹೆಸರು. ಹೆಂಗಸರು ಆಡುವ ಪುಗಡಿ ಗೋವಾ, ಕೊಂಕಣದ ಹೆಂಗಸರೂ ಆಡುವ ಫುಗಡಿಯ ತಂಗಿ. ಹಾಡಿನ ಭಾಷೆ ಹೆಚ್ಚಾಗಿ ಕೊಂಕಣಿ ಬೆರೆತದ್ದು. ಹಾಗಾದರೆ ಆಫ್ರಿಕಾ ಎಲ್ಲಿದೆ? ನನಗೆ ಕಂಡಂತೆ ಅದು ಅಕ್ಕ ನಿಲ್ಲುವ ರೀತಿಯಲ್ಲಿದೆ, ಭುಜದ ಲೆಕ್ಕದಲ್ಲಿದೆ. ಊರು ಹೋಯಿತು, ಮಾತು ಹೋಯಿತು, ದೇವರೂ ಬದಲಾದವು, ಮೈ ಮಾತ್ರ ಏನನ್ನೋ ಇಟ್ಟುಕೊಂಡಿತು. ಸೊಪ್ಪಿನಲ್ಲಂತೂ ಅದು ಇಲ್ಲ. ಅಕ್ಕ ಕೇರಿಯಲ್ಲಿ ಕುಣಿಯುವುದು ಮಾಮೂಲಿ ಸೀರೆಯಲ್ಲಿ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು.

"ಮತ್ತೆ ಸೊಪ್ಪು ಯಾಕೆ ಕಟ್ಟುತ್ತೀರಿ ಅಕ್ಕಾ?" ಎಂದು ಕೇಳಿದೆ.

"ಕಟ್ಟದಿದ್ರೆ ಪ್ರೋಗ್ರಾಮಿಗೆ ಕರೆಯಲ್ಲ. ಸೀರೆ ಉಟ್ಕೊಂಡು ಹೋದ್ರೆ, ನಿಮ್ಮ ಡ್ರೆಸ್ ತರಲಿಲ್ವಾ ಅಂತಾರೆ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಬಸ್ಸಲ್ಲೂ ನಮಗೆ ಆಫ್ರಿಕಾದವರಾ ಅಂತಾರೆ, ಸ್ಟೇಜಲ್ಲೂ ಅಂತಾರೆ. ಸ್ಟೇಜಲ್ಲಿ ದುಡ್ಡು ಕೊಡ್ತಾರೆ, ಅಷ್ಟೇ ವ್ಯತ್ಯಾಸ."

ಅವರ ಮಗಳು ಪಿಯುಸಿ ಓದುತ್ತಾಳೆ. ಚೆನ್ನಾಗಿ ಕುಣಿಯುತ್ತಾಳೆ, ಆದರೆ ಪ್ರೋಗ್ರಾಮಿಗೆ ಹೋಗುವುದಿಲ್ಲ. ಸೊಪ್ಪು ಕಟ್ಟಿದ ಫೋಟೊ ಕಾಲೇಜಿನ ಗ್ರೂಪಿಗೆ ಬಂದು ಎಲ್ಲರೂ ನಗಾಡಿದ ಮೇಲೆ ನಿಲ್ಲಿಸಿದಳಂತೆ. ಆ ಕೇರಿಯಲ್ಲಿ ದಮಾಮಿಯನ್ನು ಲೆಕ್ಕ ತಪ್ಪದೆ ಬಾರಿಸುವವರು ಇಬ್ಬರೇ ಉಳಿದಿದ್ದಾರೆ, ಇಬ್ಬರಿಗೂ ವಯಸ್ಸಾಗಿದೆ. ಹುಡುಗರು ಗೋವಾ ಕಡೆ ಕೆಲಸಕ್ಕೆ ಹೋಗುತ್ತಾರೆ. ವಾದ್ಯದವರಿಲ್ಲದೆ ಆ ಮೂರನೆಯ ಪಾಠ ಯಾರಿಗೂ ಸಿಗುವುದಿಲ್ಲ. ಮೆರವಣಿಗೆಗೆ ಅದರ ಅಗತ್ಯವೂ ಇಲ್ಲ. ಸ್ಪೀಕರ್ ಹಾಕಿ ಸೊಪ್ಪು ಕಟ್ಟಿ ಹಾರಿದರೆ ಸಾಕು. ಕಲೆ ಹೀಗೆ ಕಣ್ಣೆದುರಿಗೇ ಸಾಯಬಹುದು, ಫೋಟೊ ಮಾತ್ರ ವರ್ಷ ವರ್ಷ ಬರುತ್ತಲೇ ಇರಬಹುದು.

ಇದಕ್ಕೆ ಸೆನೆಗಲ್‌ಗೇ ಹೋಗಬೇಕಾಗಿಲ್ಲ. ಸರ್ಕಾರದ ಉತ್ಸವಗಳಿಗೆ ಕರೆಯುವಾಗ, ನೀವು ಮನೆಯಲ್ಲಿ ಕುಣಿಯುವ ಬಟ್ಟೆಯಲ್ಲೇ ಬನ್ನಿ ಎಂದು ಹೇಳಬಹುದು. ಐದು ನಿಮಿಷದ ಮೆರವಣಿಗೆಯ ಬದಲು ಅರ್ಧ ಗಂಟೆ ವೇದಿಕೆ ಕೊಡಬಹುದು. ದಮಾಮಿ ಬಾರಿಸುವ ಹಿರಿಯರನ್ನು ಗುರುಗಳೆಂದು ಗುರುತಿಸಿ, ಕಲಿಯುವ ನಾಲ್ಕು ಹುಡುಗರಿಗೆ ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಗೋವಾ ಬಸ್ ಹತ್ತುವವರಲ್ಲಿ ಒಬ್ಬನಾದರೂ ಉಳಿಯಬಹುದು. ನಮ್ಮಂಥ ಸುದ್ದಿಯವರು ತಂಡದ ಊರು, ವಾದ್ಯದವರ ಹೆಸರು, ಕುಣಿತದ ಹೆಸರು ಕೇಳಿ ಬರೆಯಬಹುದು. ಪ್ರಶಸ್ತಿ ಬಂದವರ ಹೆಸರು ಬರೆಯುವುದಿಲ್ಲವೇ, ಹಾಗೆಯೇ.

ಮುಂದಿನ ಸಲ ನಿಮ್ಮೂರಿನ ಉತ್ಸವಕ್ಕೆ ಸಿದ್ದಿ ತಂಡ ಬಂದರೆ ಮೊಬೈಲ್ ಎತ್ತುವ ಮುಂಚೆ ಒಂದು ಸಲ ಭುಜ ನೋಡಿ, ಆಮೇಲೆ ಕಾಲು ನೋಡಿ. ಎರಡೂ ಬೇರೆ ಬೇರೆ ಲೆಕ್ಕದಲ್ಲಿ ಹೋಗುತ್ತಿದ್ದರೆ, ನಿಮ್ಮೆದುರಿಗೆ ಇರುವುದು ವರ್ಷಗಟ್ಟಲೆ ಕಲಿತವರು. ಕುಣಿತ ಮುಗಿದ ಮೇಲೆ ಹತ್ತಿರ ಹೋಗಿ ಹೆಸರು ಕೇಳಿ.